ಎಚ್ಚರಿಕೆ, ಕೆಳಗೆ ಎರಡು ಗೆರೆ

ನಮ್ಮ ಗೋದಾಮಿನಲ್ಲಿ ನನ್ನ ಕುರಿತು ಒಂದು ಐತಿಹ್ಯವಿದೆ. ಅದನ್ನು ಹುಟ್ಟಿಸಿದವರು ಲಾರಿ ಡ್ರೈವರುಗಳು, ಸಾಕಿ ಬೆಳೆಸಿದವನು ನಾನು. ಒಂದು ವರ್ಷ ಪ್ರವಾಹ ಉಕ್ಕಿ ಗೋದಾಮಿನೊಳಗೆ ಸೊಂಟದ ಮಟ್ಟ ನೀರು ನಿಂತಿತಂತೆ. ಮೂರನೆಯ ದಿನ ನೀರು ಇಳಿದಾಗ ರಟ್ಟಿನ ಡಬ್ಬಗಳೆಲ್ಲ ಕಲಸಿದ ಹಿಟ್ಟಿನಂತಾಗಿದ್ದವಂತೆ. ಆದರೆ ಆ ಹಿಟ್ಟಿನ ಮೇಲೆ 'ಈ ಬದಿ ಮೇಲೆ' ಎಂಬ ನನ್ನ ಅಕ್ಷರಗಳು, ಬಾಣದ ಗುರುತಿನ ಸಮೇತ, ಒಂದಿಷ್ಟೂ ಮುಕ್ಕಾಗದೆ ಮೇಲ್ಮುಖವಾಗಿಯೇ ತೇಲುತ್ತಿದ್ದವಂತೆ. ರಟ್ಟು ಕರಗಿತು, ಅಕ್ಷರ ಉಳಿಯಿತು. (ನಿಜ ಹೇಳಬೇಕೆಂದರೆ ಅಂದು ಬಂದದ್ದು ಪ್ರವಾಹವಲ್ಲ. ಯಾರೋ ನಲ್ಲಿ ತಿರುಗಿಸಿ ಮರೆತು ಊಟಕ್ಕೆ ಹೋಗಿದ್ದರು. ನೆನೆದದ್ದು ನಾಲ್ಕು ಡಬ್ಬ. ಆದರೆ ಐತಿಹ್ಯದ ನಡುವೆ ನಲ್ಲಿಯನ್ನು ತರುವುದು ಸಭ್ಯತೆಯಲ್ಲ.)

ನನ್ನ ಕೆಲಸ ಡಬ್ಬಗಳ ಮೇಲೆ ಬರೆಯುವುದು. ಇಪ್ಪತ್ತನಾಲ್ಕು ವರ್ಷಗಳಿಂದ ಬರೆಯುತ್ತಿದ್ದೇನೆ. ನನ್ನ ಆಯುಧ ಕಪ್ಪು ಮಾರ್ಕರ್ ಪೆನ್ನು, ಅಳಿಸಲಾಗದ ಶಾಯಿಯದು. ಅಂಗಿಯ ಜೇಬಿನಲ್ಲಿ ಅದಿಲ್ಲದೆ ನಾನು ಹೊರಗೆ ಕಾಲಿಟ್ಟವನಲ್ಲ. ಮನೆಯೊಳಗೂ ಅಷ್ಟೆ. ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ನಮ್ಮ ಅಡುಗೆಮನೆಯ ಒಂದು ಡಬ್ಬದ ಮೇಲೆ 'ಉಪ್ಪು' ಎಂದಿದೆ, ಪಕ್ಕದ್ದರ ಮೇಲೆ 'ಸಕ್ಕರೆ, ಉಪ್ಪಲ್ಲ' ಎಂದಿದೆ. ಫ್ಯಾನಿನ ಸ್ವಿಚ್ಚಿನ ಮೇಲೆ 'ಫ್ಯಾನು', ದೀಪದ ಸ್ವಿಚ್ಚಿನ ಮೇಲೆ 'ದೀಪ', ಏನೂ ಹತ್ತದ ಸ್ವಿಚ್ಚಿನ ಮೇಲೆ 'ಸುಮ್ಮನೆ'. ಅಮ್ಮನ ಊರುಗೋಲಿನ ಮೇಲೆ 'ಅಮ್ಮ'. ಮನೆಯಲ್ಲಿ ಊರುಗೋಲು ಹಿಡಿಯುವವರು ಅಮ್ಮ ಒಬ್ಬರೇ ಎಂಬ ವಾದವನ್ನು ನಾನು ಕಿವಿಗೆ ಹಾಕಿಕೊಂಡಿಲ್ಲ. ನನ್ನ ಹೆಂಡತಿ ಮಧ್ಯಾಹ್ನ ಒಂದು ಗಳಿಗೆ ನಿದ್ದೆ ಮಾಡಿ ಎದ್ದರೆ ಮೊದಲು ಕನ್ನಡಿಯಲ್ಲಿ ಹಣೆ ನೋಡಿಕೊಳ್ಳುತ್ತಾಳೆ.

ಹೆಂಡತಿ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಇಸ್ತ್ರಿ, ಚಿಂದಿ ತುಂಬಿದ ಗೋಣಿಚೀಲ, ಇವುಗಳ ಮಧ್ಯೆ ಕಿಟಕಿಯ ಪಕ್ಕ ಅಮ್ಮನ ಕುರ್ಚಿ. ಅಲ್ಲಿ ಕುಳಿತು ಅಮ್ಮ ಬೀದಿಯನ್ನೂ ನಮ್ಮನ್ನೂ ಏಕಕಾಲಕ್ಕೆ ಮೇಲ್ವಿಚಾರಣೆ ಮಾಡುತ್ತಾರೆ.

ಆ ಭಾನುವಾರ ಮೇಜಿನ ಮೇಲೆ ಒಂದು ಕೋಟಿತ್ತು. ಬಿಳಿಯ ದಪ್ಪ ಹತ್ತಿಯ ಕೋಟು, ಆಸ್ಪತ್ರೆಯದು. ದೊಡ್ಡಾಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ನಿಂತಿದ್ದ ಕಾಂಪೌಂಡರ್ ಒಬ್ಬರು ಹೋದ ವರ್ಷ ತೀರಿಕೊಂಡರು. ಅವರ ಮಗಳು ಅದೇ ವಿದ್ಯೆ ಓದಿ, ಅದೇ ಕಿಟಕಿಗೆ ಕೆಲಸಕ್ಕೆ ಸೇರುವವಳಿದ್ದಳು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೊದಲ ದಿನ. ಅಪ್ಪನ ಕೋಟು ತಂದು ನನ್ನ ಹೆಂಡತಿಯ ಮುಂದಿಟ್ಟು, "ಆಸ್ಪತ್ರೆಯವರು ಹೊಸದು ಕೊಡ್ತಾರೆ ಆಂಟಿ. ಆದ್ರೆ ಮೊದಲ ದಿನ ನಾನು ಇದನ್ನೇ ಹಾಕ್ಕೋಬೇಕು" ಅಂದಿದ್ದಳು. ಭುಜ ಅವಳಿಗೆ ಅಗಲ, ತೋಳು ಬೆರಳಿನಾಚೆ ಜೋತಾಡುತ್ತಿತ್ತು. ಹೆಂಡತಿ ಮೂರು ದಿನ ಕುಳಿತು ಹೊಲಿಗೆ ಬಿಚ್ಚಿ, ಕಿರಿದು ಮಾಡಿ, ಮತ್ತೆ ಹೊಲಿದಿದ್ದಳು. ಮೂರು ದಿನ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಿರಲಿಲ್ಲ. ಅಂಥ ಕೋಟು ಅದು.

ಭಾನುವಾರ ಮಧ್ಯಾಹ್ನ ಇಸ್ತ್ರಿ ಮುಗಿಸಿ, ಮಡಿಸಿ, ತೆಳು ಕಾಗದದ ಚೀಲಕ್ಕೆ ಹಾಕಿಟ್ಟು, ಹೆಂಡತಿ ತನ್ನ ಅಕ್ಕನ ಮನೆಗೆ ಹೊರಟಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ತಿರುಗಿ ನೋಡಿದಳು.

"ರೀ, ಸಂಜೆ ಆರಕ್ಕೆ ಆ ಹುಡುಗಿ ಬರ್ತಾಳೆ. ಅಷ್ಟರೊಳಗೆ ನಾನು ಬಂದಿರ್ತೀನಿ. ಆ ಚೀಲ ಮುಟ್ಟಬೇಡಿ."

"ನಾನ್ಯಾಕೆ ಮುಟ್ಟಲಿ?"

"ಯಾಕೆ ಅಂತ ಕೇಳಲಿಲ್ಲ. ಮುಟ್ಟಬೇಡಿ ಅಂದೆ."

"ಮುಟ್ಟೋದಿಲ್ಲ ಮಾರಾಯ್ತಿ."

ಕೊಟ್ಟ ಮಾತನ್ನು ನಾನು ಅಕ್ಷರಶಃ ನಡೆಸಿಕೊಟ್ಟೆ. ಚೀಲವನ್ನು ನಾನು ಮುಟ್ಟಲಿಲ್ಲ. ಮುಟ್ಟಿದ್ದು ಪೆನ್ನು.

ನೀವೇ ಯೋಚಿಸಿ. ಎಷ್ಟು ದೊಡ್ಡ ಜವಾಬ್ದಾರಿಯ ಚೀಲ! ಮೈಮೇಲೆ ಒಂದಕ್ಷರವಿಲ್ಲ. ಅಪ್ಪ ಅಮ್ಮ ಇಲ್ಲದ ಕೂಸಿನ ಹಾಗೆ ಮೇಜಿನ ಮೇಲೆ ಬಿದ್ದಿದೆ. ಯಾರಾದರೂ ಅದನ್ನು ಚಿಂದಿ ಎಂದು ತಿಳಿದರೆ? ಅದರ ಮೇಲೆ ಲೋಟ ಇಟ್ಟರೆ? ಒಂದೂವರೆಯ ತನಕ ತಡೆದುಕೊಂಡೆ. ಆಮೇಲೆ ಮುಚ್ಚಳ ತೆಗೆದೆ. ಮೊದಲ ಸಾಲು, 'ಕೋಟು'. ಎರಡನೆಯ ಸಾಲು, 'ಸಂಜೆ ಆರಕ್ಕೆ'. ಮೂರನೆಯ ಸಾಲು ಸ್ವಲ್ಪ ಕೆಳಗೆ, ಸ್ವಲ್ಪ ದಪ್ಪಗೆ, ಗೋದಾಮಿನಲ್ಲಿ ಗಾಜಿನ ಸಾಮಾನಿಗೆ ಬರೆಯುವಂತೆ ಒತ್ತಿ ಬರೆದೆ, 'ಎಚ್ಚರಿಕೆ'. ಕೆಳಗೆ ಎರಡು ಗೆರೆ ಎಳೆದೆ. ಒಂದು ಗೆರೆ ಎಳೆದರೆ ಜನ ಎಚ್ಚರ ವಹಿಸುವುದಿಲ್ಲ ಎಂಬುದು ನನ್ನ ವೃತ್ತಿಯ ಅನುಭವ.

"ಏನೋ ಅದು, ಕೀಚ್ ಕೀಚ್ ಅಂತಿದೆ?" ಎಂದರು ಅಮ್ಮ, ಬೀದಿಯಿಂದ ಕಣ್ಣು ಕೀಳದೆ.

"ಬರೀತಿದೀನಿ ಅಮ್ಮ."

"ಯಾವುದರ ಮೇಲೆ?"

"ಚೀಲದ ಮೇಲೆ."

"ಒಳಗೇನಿದೆ?"

ಕೆಲವು ಪ್ರಶ್ನೆಗಳನ್ನು ಒಂದು ನಿಮಿಷ ಮೊದಲು ಕೇಳಬೇಕು. ನಾನು ಚೀಲ ನೋಡಿದೆ. ಅಕ್ಷರಗಳ ಸುತ್ತ ಕಾಗದ ಎಣ್ಣೆ ಹೀರಿದಂತೆ ನೆಂದು ಕಪ್ಪಾಗಿತ್ತು. ಬೆರಳ ತುದಿಯಿಂದ ಬಾಯಿ ಬಿಡಿಸಿ ಕೋಟನ್ನು ಹೊರಗೆಳೆದೆ. ಮೇಲಿನ ಎರಡು ಸಾಲು ಬಿದ್ದದ್ದು ಚೀಲದ ಮಡಿಕೆಯ ಮೇಲೆ. ಅಲ್ಲಿ ಕಾಗದ ಎರಡು ಪದರ, ಬಚಾವು. ಮೂರನೆಯ ಸಾಲು ಬಿದ್ದಲ್ಲಿ ಒಂದೇ ಪದರ. ಕೋಟಿನ ಎದೆಯ ಜೇಬಿನ ಮೇಲೆ, ಸುಂದರವಾಗಿ, ನೇರವಾಗಿ, ಎರಡು ಗೆರೆಗಳ ಸಮೇತ ಮೂಡಿತ್ತು: 'ಎಚ್ಚರಿಕೆ'.

ಮೊದಲ ದಿನ ಔಷಧಿ ಕಿಟಕಿಯಲ್ಲಿ ನಿಲ್ಲುವ ಹುಡುಗಿಯ ಜೇಬಿನ ಮೇಲೆ 'ಎಚ್ಚರಿಕೆ' ಎಂದಿದ್ದರೆ ಯಾವ ರೋಗಿ ತಾನೇ ಕೈ ಚಾಚಿಯಾನು? ಇದ್ದ ಕಾಯಿಲೆಯನ್ನೇ ಇಟ್ಟುಕೊಂಡು ಮನೆಗೆ ಹೋದಾನು.

ಕಲೆ ಎಂಬ ಒಂದೇ ಪದಕ್ಕೆ ಎರಡು ಅರ್ಥ ಇಟ್ಟ ಮಹಾನುಭಾವರು ಯಾರೋ, ಅವರ ಮನೆಯಲ್ಲೂ ನನ್ನಂಥವನೊಬ್ಬ ಇದ್ದಿರಬೇಕು. ಇಪ್ಪತ್ತನಾಲ್ಕು ವರ್ಷ ನನ್ನ ಕಲೆಯೆಂದು ಯಾವುದನ್ನು ಬೆಳೆಸಿದೆನೋ ಅದು ಅಂದು ಮಧ್ಯಾಹ್ನ ಒಂದು ಮುಕ್ಕಾಲಿಗೆ ಬರೀ ಕಲೆಯಾಗಿ ಎದುರು ನಿಂತಿತು. ಒದ್ದೆ ಬೆರಳಲ್ಲಿ ಉಜ್ಜಿದೆ. ಅದು ಕದಲಲಿಲ್ಲ. ಒಂದು ಕ್ಷಣ, ದೇವರಾಣೆ, ಹೆಮ್ಮೆಯೂ ಆಯಿತು.

"ಅಮ್ಮಾ, ಮಾರ್ಕರ್ ಕಲೆ ಯಾವುದರಿಂದ ಹೋಗುತ್ತೆ?"

"ನನ್ನ ಸೂಜಿ ಚುಚ್ಚೋಕೆ ಇಟ್ಟಿರೋ..."

"ನಿನ್ನ ಸೂಜಿ ವಿಷಯ ಆಮೇಲೆ ಹೇಳಮ್ಮ. ಈಗ ನನಗೆ ತಲೆ ಬಿಸಿ." (ಅಮ್ಮನಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಯಾವ ವಿಷಯ ಎತ್ತಿದರೂ ಅಲ್ಲಿಗೇ ತಂದು ನಿಲ್ಲಿಸುತ್ತಾರೆ ಎಂಬುದು ನನ್ನ ಅಂದಿನ ತಿಳುವಳಿಕೆ.)

ನೇರವಾಗಿ ಕೋಟಿನ ಮೇಲೆ ಕೈಮಾಡುವಷ್ಟು ಮೂರ್ಖ ನಾನಲ್ಲ. ವೈಜ್ಞಾನಿಕವಾಗಿ ಹೋಗಬೇಕೆಂದು ನಿರ್ಧರಿಸಿದೆ. ಚಿಂದಿ ಚೀಲದಿಂದ ಬಿಳಿ ಹತ್ತಿಯ ಒಂದು ದೊಡ್ಡ ತುಂಡು ಆರಿಸಿದೆ. ಸ್ಕೇಲಿಟ್ಟು ಎಂಟು ಕೋಣೆ ಎಳೆದೆ. ಮನೆಯೆಲ್ಲ ಜಾಲಾಡಿ ಎಂಟು ದ್ರವ್ಯಗಳನ್ನು ಕಲೆಹಾಕಿದೆ: ಬಟ್ಟೆ ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್, ವಿನಿಗರ್, ಟೂತ್‌ಪೇಸ್ಟು, ಗಾಜು ಒರೆಸುವ ನೀಲಿ ನೀರು, ಬ್ಲೀಚಿಂಗ್ ಪೌಡರು, ನನ್ನ ಶೇವಿಂಗ್ ಕ್ರೀಮು. ಎಂಟನೆಯ ಕೋಣೆ ಖಾಲಿ ಉಳಿಯಬಾರದಲ್ಲ, ಅಮ್ಮನ ಕಪಾಟಿನಲ್ಲಿ ಸೂಜಿಗಳ ಪಕ್ಕವಿದ್ದ ಸ್ಪಿರಿಟ್ ಬಾಟಲಿಯನ್ನೂ ಎತ್ತಿಕೊಂಡೆ.

ಈಗ ಪ್ರತಿ ಕೋಣೆಯಲ್ಲಿ ಒಂದು ಕಲೆ ಬೇಕು, ಒಂದು ಹೆಸರೂ ಬೇಕು. ಇಲ್ಲಿ ನನ್ನ ಬುದ್ಧಿ ಮಿಂಚಿತು. ಎರಡು ಕೆಲಸ ಏಕೆ? ಹೆಸರನ್ನೇ ಕಲೆ ಮಾಡಿದರಾಯಿತು! ಮಾರ್ಕರಿನಲ್ಲಿ ಒಂದೊಂದು ಕೋಣೆಯಲ್ಲಿ ಒಂದೊಂದು ದ್ರವ್ಯದ ಹೆಸರು ದುಂಡಗೆ ಬರೆದು, ಆಯಾ ಹೆಸರಿನ ಮೇಲೆ ಆಯಾ ದ್ರವ್ಯವನ್ನು ಹಚ್ಚಿದೆ. ಹಚ್ಚಿ ಮುಗಿದ ಡಬ್ಬಿ, ಬಾಟಲಿಗಳನ್ನು ಆಗಿಂದಾಗಲೇ ಸ್ವಸ್ಥಾನಕ್ಕೆ ಸೇರಿಸಿದೆ (ನಾನು ಶಿಸ್ತಿನ ಮನುಷ್ಯ). ಕೈಕಟ್ಟಿ ಅರ್ಧ ಗಂಟೆ ಕಾದೆ. ಹತ್ತಿಯಿಂದ ಒರೆಸಿದೆ.

ಫಲಿತಾಂಶ ಅದ್ಭುತವಾಗಿತ್ತು. ನಾಲ್ಕು ಕೋಣೆಗಳಲ್ಲಿ 'ಬಟ್ಟೆ ಸೋಪು', 'ಲಿಕ್ವಿಡ್', 'ವಿನಿಗರ್', 'ಟೂತ್‌ಪೇಸ್ಟು' ಎಂದು ಅಚ್ಚೊತ್ತಿದ ಹಾಗೆ ಓದಬಹುದಿತ್ತು. ಅಂದರೆ ನಾಲ್ಕೂ ನಿಷ್ಪ್ರಯೋಜಕ. ಒಂದು ಕೋಣೆಯಲ್ಲಿ ಅಕ್ಷರ ಹಳದಿ ತಿರುಗಿ ಬಟ್ಟೆಯೂ ಹಳದಿ ತಿರುಗಿತ್ತು. ಇನ್ನೊಂದರಲ್ಲಿ ಎಲ್ಲ ಕದಡಿ ಮೋಡ ಕವಿದಂತಿತ್ತು. ಮತ್ತೊಂದರಲ್ಲಿ ಬೂದು ಬಣ್ಣದ ನೊರೆ ಒಣಗಿ ಗಾರೆಯಂತೆ ಕೂತಿತ್ತು. ಕೊನೆಗುಳಿದ ಒಂದು ಕೋಣೆ ಮಾತ್ರ ಅಚ್ಚ ಬಿಳಿ! ಅಲ್ಲಿ ಶಾಯಿ ಎಂಬುದು ಎಂದಾದರೂ ಇತ್ತು ಎಂದರೆ ಯಾರೂ ನಂಬರು!

ಅದು ಯಾವುದೆಂದು ನೋಡಲು ಬಗ್ಗಿದೆ. ಹೆಸರಿರಲಿಲ್ಲ.

ಸೋತವರೆಲ್ಲ ಹೆಸರು ಹೇಳಿಕೊಂಡು ಎದೆಯುಬ್ಬಿಸಿ ನಿಂತಿದ್ದರು. ಗೆದ್ದವನು ಮಾತ್ರ ಅನಾಮಧೇಯ.

"ಅಮ್ಮಾ, ಈ ನಾಲ್ಕರಲ್ಲಿ ಯಾವ ಕೋಣೆಗೆ ಯಾವುದು ಹಾಕಿದೆ ಅಂತ ನೋಡಿದ್ಯಾ?"

"ಹೆಸರು ಬರ್ಕೊಳ್ಳಲಿಲ್ವೇನೋ?"

"ಬರ್ಕೊಂಡಿದ್ದೆ. ಅಳಿಸಿಹೋಯ್ತು."

"ಯಾವುದರಲ್ಲಿ ಬರೆದಿದ್ದೆ?"

ನಾನು ಜೇಬಿನ ಪೆನ್ನನ್ನು ಮುಟ್ಟಿ ನೋಡಿಕೊಂಡೆ. ಅಮ್ಮ ಮೊದಲ ಬಾರಿಗೆ ಬೀದಿಯಿಂದ ಮುಖ ತಿರುಗಿಸಿ ನನ್ನನ್ನು ಪೂರ್ತಿಯಾಗಿ ನೋಡಿದರು. ನಿನ್ನಪ್ಪ ಇದನ್ನು ನೋಡಲು ಇರಬೇಕಿತ್ತು ಎಂಬಂಥ ನೋಟ ಅದು.

"ಮೂಗು ಇದೆಯಲ್ಲೋ. ಮೂಸಿ ನೋಡು."

ಮಂಡಿಯೂರಿ ನಾಲ್ಕು ಕೋಣೆಗಳನ್ನೂ ಮೂಸಿದೆ. ಹಳದಿಯದು ಮೂಗು ಸುಟ್ಟಿತು. ಗಾರೆಯದು ನನ್ನ ಗಲ್ಲದ ವಾಸನೆ. ಮೋಡದ್ದು ಕಿಟಕಿ ಗಾಜಿನದು. ಬಿಳಿಯದಕ್ಕೆ ವಾಸನೆಯೇ ಇಲ್ಲ.

"ಇದಕ್ಕೆ ಏನೂ ವಾಸನೆ ಇಲ್ಲಮ್ಮ."

"ಹಾಗಾದ್ರೆ ಅದೇ ನನ್ನ ಸ್ಪಿರಿಟ್ಟು. ದಿನಾ ಬೆಳಿಗ್ಗೆ ತೊಡೆಗೆ ಹಚ್ಕೋತೀನಿ, ನನಗೆ ಗೊತ್ತಿಲ್ವಾ? ನಿಮಿಷದಲ್ಲಿ ಆರಿ ಹೋಗುತ್ತೆ, ವಾಸನೆನೂ ಉಳಿಯಲ್ಲ. ನಾನು ಆಗಲೇ ಹೇಳೋಕೆ ಬಂದೆ. ನಿನಗೆ ತಲೆ ಬಿಸಿ."

ಇಷ್ಟೊತ್ತಿಗೆ ಮೂರೂವರೆ. ಸ್ಪಿರಿಟ್ ಬಾಟಲಿಯನ್ನು ಕೈಗೆತ್ತಿಕೊಂಡು ಕೋಟಿನತ್ತ ನಡೆದೆ. ಆದರೆ ಅಲ್ಲೇ ನಿಂತೆ. ನಾನು ಲೇಬಲ್ ಬರೆಯುವವನು, ಆದ್ದರಿಂದ ಲೇಬಲ್ ಓದುವವನೂ ಹೌದು. ಕಲೆ ತೆಗೆಯುವ ಯಾವ ಬಾಟಲಿಯ ಬೆನ್ನು ನೋಡಿದರೂ ಒಂದು ಮಾತು ಇದ್ದೇ ಇರುತ್ತದೆ, ಮೊದಲು ಬಟ್ಟೆಯ ಕಾಣದ ಜಾಗದಲ್ಲಿ ಹಚ್ಚಿ ನೋಡಿ ಎಂದು. ಚಿಂದಿ ಹೊಸ ಬಟ್ಟೆ, ಕೋಟು ಹಳೆಯದು. ಹಳೆಯ ಎಳೆ ಸ್ಪಿರಿಟ್ಟನ್ನು ತಡೆಯುತ್ತದೋ ಇಲ್ಲವೋ? ಮಾಡುವ ಕೆಲಸವನ್ನು ಮುಂದಾಲೋಚನೆಯಿಂದ ಮಾಡಬೇಕು.

ಕಾಣದ ಜಾಗಕ್ಕಾಗಿ ಕೋಟನ್ನು ತಿರುಗಿಸಿ ನೋಡಿದೆ. ಕಾಲರ್ ಮಗುಚಿದೆ. ನನ್ನ ಅದೃಷ್ಟವನ್ನು ಏನೆಂದು ಬಣ್ಣಿಸಲಿ! ಕಾಲರಿನ ಒಳಮೈಯಲ್ಲಿ, ಕತ್ತಿಗೆ ತಾಗುವ ಜಾಗದಲ್ಲಿ, ಆಗಲೇ ಒಂದು ಹಳೆಯ ಮಾರ್ಕರ್ ಕಲೆಯಿತ್ತು! ಕಾಗೆ ಕಾಲು ಗುಬ್ಬಿ ಕಾಲು ಸೇರಿಸಿ ತುಳಿದ ಹಾಗೆ ನಾಲ್ಕಾರು ಗೀಟು, ತೊಳೆದು ತೊಳೆದು ಕಂದಿದ್ದು. ಯಾರೋ ಪೆನ್ನು ಹತ್ತುತ್ತದೋ ಇಲ್ಲವೋ ಎಂದು ಗೀಚಿ ನೋಡಿರಬೇಕು. ಪರೀಕ್ಷೆಗೆ ಇದಕ್ಕಿಂತ ಬೇಕೇ? ಜಾಗ ಕಾಣದ್ದು, ಕಲೆ ಹಳೆಯದು, ಶಾಯಿ ನಮ್ಮದೇ ಕುಲದ್ದು.

ಕೆಳಗೆ ಒಣ ಹತ್ತಿ ಇಟ್ಟೆ. ಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ. ಉಜ್ಜಲಿಲ್ಲ, ಒತ್ತಿದೆ. ಉಜ್ಜಿದರೆ ಹರಡುತ್ತದೆ, ಒತ್ತಿದರೆ ಕೆಳಗಿನ ಹತ್ತಿ ಕುಡಿಯುತ್ತದೆ ಎಂಬ ಸತ್ಯವನ್ನು ಒತ್ತುತ್ತ ಒತ್ತುತ್ತ ನಾನೇ ಕಂಡುಹಿಡಿದೆ. ಹತ್ತೇ ನಿಮಿಷ. ಕಾಲರ್ ಹಾಲಿನಷ್ಟು ಬೆಳ್ಳಗಾಯಿತು. ಇನ್ನು ತಡವೇಕೆ? ಜೇಬಿಗೆ ಬಂದೆ. 'ಎಚ್ಚರಿಕೆ' ಇದ್ದದ್ದು 'ಎಚ್ಚರಿ' ಆಯಿತು, 'ಎಚ್ಚ' ಆಯಿತು, 'ಎ' ಒಂದು ಸ್ವಲ್ಪ ಹೊತ್ತು ನನ್ನನ್ನೇ ಕರೆಯುವಂತೆ ನಿಂತು ಅದೂ ಹೋಯಿತು. ಎರಡು ಗೆರೆ ಕೊನೆಗೆ ಹೋದವು. ಇಸ್ತ್ರಿ ಬಿಸಿ ಮಾಡಿ ಎಳೆದೆ. ಕೋಟನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಯುದ್ಧ ಗೆದ್ದ ಸೇನಾಪತಿಗಳು ಬಾವುಟ ಹಿಡಿಯುವುದು ಹೀಗೆಯೇ.

ನಾಲ್ಕೂವರೆಗೆ ಹೆಂಡತಿ ಬಂದಳು. ಬಾಗಿಲಲ್ಲೇ ಮೂಗು ಅರಳಿಸಿದಳು.

"ಏನಿದು ವಾಸನೆ? ಆಸ್ಪತ್ರೆಗೂ ಬಚ್ಚಲಿಗೂ ಮದುವೆ ಮಾಡಿಸಿದ್ರಾ?"

"ಕೂತ್ಕೋ. ಮೊದಲು ನೀರು ಕುಡಿ."

"ನೀರು ಕುಡಿ ಅಂದ್ರಿ ಅಂದ್ರೆ ಏನೋ ಆಗಿದೆ. ಅತ್ತೆ, ಏನು ಮಾಡಿದ್ರು ಇವರು?"

"ನನ್ನ ಸ್ಪಿರಿಟ್ಟು ಅರ್ಧ ಖಾಲಿ ಮಾಡ್ದ," ಎಂದರು ಅಮ್ಮ. ಅವರಿಗೆ ಅದೇ ಮುಖ್ಯ ಸುದ್ದಿ.

ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಮೇಲಾಗಿ ಗೆದ್ದ ಯುದ್ಧವನ್ನು ಯಾರು ಮುಚ್ಚಿಡುತ್ತಾರೆ? ಎಲ್ಲ ಹೇಳಿದೆ. 'ಎಚ್ಚರಿಕೆ' ಎಂದು ಕೇಳಿದಾಗ ಅವಳು ಕುರ್ಚಿಯ ತೋಳು ಹಿಡಿದುಕೊಂಡಳು. ಕೋಟು ಕಸಿದು ಜೇಬನ್ನು ಕಣ್ಣಿಗೆ ಹತ್ತಿರ ಹಿಡಿದು, ತಿರುಗಿಸಿ, ಒಳಗಿನಿಂದ ಕೈ ಹಾಕಿ ಬೆಳಕಿಗೆ ನೋಡಿದಳು. ನಿಧಾನಕ್ಕೆ ಉಸಿರು ಬಿಟ್ಟಳು.

"ಹೋಗಿದೆ," ಎಂದಳು.

"ಹೋಗದೆ? ಯಾರು ತೆಗೆದದ್ದು?"

"ಹಾಕಿದ್ದು ಯಾರು?"

"ಅದು ಬಿಡು. ತೆಗೆದದ್ದು ನೋಡು! ಅಷ್ಟೇ ಅಲ್ಲ ಕಣೇ, ಒಂದು ಉಪಕಾರ ಜಾಸ್ತಿನೇ ಮಾಡಿದೀನಿ. ಕಾಲರ್ ಒಳಗೆ ಓಬೀರಾಯನ ಕಾಲದ ಒಂದು ಕಲೆ ಇತ್ತು. ಮೂರು ದಿನ ಹೊಲಿದೆಯಲ್ಲ, ನಿನ್ನ ಕಣ್ಣಿಗೇ ಬಿದ್ದಿಲ್ಲ! ಅದನ್ನೂ ತೆಗೆದುಬಿಟ್ಟೆ."

ಹೆಂಡತಿ ಕಾಲರ್ ಮಗುಚಿದಳು. ಬಹಳ ಹೊತ್ತು ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಅವಳಿಂದ ಬೈಗುಳದ ಎಲ್ಲ ರಾಗಗಳನ್ನೂ ಕೇಳಿದ್ದೇನೆ, ಯಾವುದಕ್ಕೂ ಹೆದರಿದವನಲ್ಲ. ಅಂದು ಅವಳು ಬೈಯಲಿಲ್ಲ. ಮೇಜಿನ ಅಂಚಿಗೆ ಕೂತುಬಿಟ್ಟಳು. ಆಗ ಹೆದರಿಕೆಯಾಯಿತು.

"ಅದು ಕಲೆ ಅಲ್ಲರೀ," ಎಂದಳು. "ಆ ಹುಡುಗಿ ಅಪ್ಪನ ಬರಹ."

ಆಸ್ಪತ್ರೆಯಲ್ಲಿ ಕೋಟುಗಳೆಲ್ಲ ಒಂದೇ ರಾಶಿಯಾಗಿ ಒಗೆಯಲು ಹೋಗುತ್ತವಂತೆ. ಗುರುತು ಸಿಗಲಿ ಎಂದು ಎಲ್ಲರೂ ಕಾಲರಿನೊಳಗೆ ತಮ್ಮ ತಮ್ಮ ಹೆಸರು ಬರೆಯುತ್ತಾರಂತೆ. ಕಾಂಪೌಂಡರ್ ಮಾತ್ರ ಹೆಸರು ಬರೆಯದೆ 'ನನ್ನದು' ಎಂದು ಬರೆದಿದ್ದರಂತೆ. ಒಗೆಯುವವರು ತಂದು ಎತ್ತಿ ಹಿಡಿದು "ಇದು ಯಾರದು?" ಎಂದು ಕೇಳಿದರೆ ಇಡೀ ಆಸ್ಪತ್ರೆ "ನನ್ನದು" ಎಂದು ಓದಿ ನಗುತ್ತಿತ್ತಂತೆ. ಮಗಳು ಚಿಕ್ಕವಳಿದ್ದಾಗ, ಕೆಲಸದಿಂದ ಬಂದ ಅಪ್ಪ ಹೆಗಲಿಗೆ ಎತ್ತಿಕೊಂಡರೆ, ಕಾಲರ್ ಮಗುಚಿ ಅದರ ಮೇಲೆ ಬೆರಳಾಡಿಸುತ್ತಿದ್ದಳಂತೆ. ಅವಳು ಜನ್ಮದಲ್ಲಿ ಮೊದಲು ಓದಿದ ಪದ ಅದಂತೆ.

"ಕೋಟು ಕೊಡುವಾಗ ಏನಂದ್ಲು ಗೊತ್ತಾ? ಬೇರೆ ಎಲ್ಲಿ ಬೇಕಾದ್ರೂ ಕತ್ತರಿ ಹಾಕಿ ಆಂಟಿ, ಕಾಲರ್ ಒಂದು ಬಿಡಿ ಅಂದ್ಲು. ಅದಕ್ಕೇ ಕಣ್ರೀ ನಾನು ಅದರ ಹತ್ತಿರ ಹೋಗಲಿಲ್ಲ."

ಹೊಲಿಗೆ ಯಂತ್ರ, ಇಸ್ತ್ರಿ, ಗೋಣಿಚೀಲ, ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ಏನಾದರೂ ಹೇಳಬೇಕಿತ್ತು.

"ನೀನು ಮೊದಲೇ ಹೇಳಬಾರದಿತ್ತಾ?"

"ಚೀಲ ಮುಟ್ಟಬೇಡಿ ಅಂದಿದ್ದೆ. ಮುಟ್ಟದೇ ಇರೋ ಚೀಲದೊಳಗಿನ ಕೋಟಿನ ಕಾಲರಿನ ಒಳಗೆ ಏನಿದೆ ಅಂತ ಯಾಕೆ ಹೇಳಲಿ?"

ಈ ವಾದದಲ್ಲಿ ಬಿರುಕು ಹುಡುಕಿದೆ. ಸಿಗಲಿಲ್ಲ.

"ಆರಕ್ಕೆ ಬರ್ತಾಳೆ," ಎಂದು ಅವಳು ಎದ್ದಳು. "ನಾನು ಹೇಳೋದಿಲ್ಲ. ನೀವೇ ಹೇಳಬೇಕು. ನಿಮ್ಮ ಬಾಯಲ್ಲೇ." ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಅಮ್ಮ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು.

ಒಬ್ಬನೇ ಕುಳಿತೆ. ಹೇಳುವ ಮಾತುಗಳನ್ನು ಬಾಯಿಪಾಠ ಮಾಡಲು ನೋಡಿದೆ. 'ಅಮ್ಮಾ, ಒಂದು ಸಣ್ಣ ಅಚಾತುರ್ಯ...' ಸಣ್ಣದಲ್ಲ. 'ಬಟ್ಟೆ ಹಳೆಯದಾದರೆ ಶಾಯಿ ತಾನಾಗಿ...' ತಾನಾಗಿ ಅಲ್ಲ. ಯಾವ ವಾಕ್ಯವೂ ಎರಡನೆಯ ಪದ ದಾಟಲಿಲ್ಲ. ಎದುರಿಗೆ ಕಾಲರ್ ಬಾಯಿ ತೆರೆದುಕೊಂಡು ಬೆಳ್ಳಗೆ ಬಿದ್ದಿತ್ತು. ಖಾಲಿ.

ಖಾಲಿ ಜಾಗದ ಎದುರು ನನ್ನ ಕೈ ಏನು ಮಾಡುತ್ತದೆಂದು ನಿಮಗೆ ಗೊತ್ತಿದೆ. ಆದರೂ ನನ್ನ ಪರವಾಗಿ ಇಷ್ಟು ಹೇಳಬೇಕು: ಅಂದು ಕೈ ತಾನಾಗಿ ಹೋಗಲಿಲ್ಲ, ನಾನೇ ಕಳಿಸಿದೆ. ಹೋದ ಪದ ಯಾವುದೆಂದು ಗೊತ್ತಾಗಿದೆ. ಪೆನ್ನು ಜೇಬಿನಲ್ಲಿದೆ. ಹುಡುಗಿ ಕಾಲರ್ ಮಗುಚುತ್ತಾಳೆ, ಪದ ಇರುತ್ತದೆ, ಅವಳು ಸಮಾಧಾನವಾಗಿ ಹೋಗುತ್ತಾಳೆ. ಮೋಸ ಎನ್ನುವಿರಾ? ನನಗೆ ಅದು ಆ ಹೊತ್ತಿಗೆ ಜೀರ್ಣೋದ್ಧಾರದಂತೆ ಕಂಡಿತು.

ಒಂದೇ ತೊಡಕು. ಕಾಗೆ ಕಾಲಿನಂತೆ ಬರೆಯಬೇಕಿತ್ತು. ಚಿಂದಿಯ ಮೇಲೆ ಅಭ್ಯಾಸ ಮಾಡಿದೆ. ಎಡಗೈಯಲ್ಲಿ ಬರೆದೆ, ದುಂಡಗೆ ಬಂತು. ಕಣ್ಣು ಮುಚ್ಚಿ ಬರೆದೆ, ಇನ್ನೂ ದುಂಡಗೆ ಬಂತು. ಇಪ್ಪತ್ತನಾಲ್ಕು ವರ್ಷ ಒಂದು ಕೈಯನ್ನು ಚೆನ್ನಾಗಿ ಬರೆಯಲು ಪಳಗಿಸಿದರೆ ಕೆಟ್ಟದಾಗಿ ಬರೆಯುವ ಸ್ವಾತಂತ್ರ್ಯ ಹೊರಟುಹೋಗುತ್ತದೆ. ಐದೂ ಮುಕ್ಕಾಲಾಯಿತು. ಉಸಿರು ಬಿಗಿಹಿಡಿದು, ಆದಷ್ಟು ಕೈ ನಡುಗಿಸುತ್ತ, ಕಾಲರಿನ ಒಳಗೆ ಬರೆದೆ: 'ನನ್ನದು'. ಕೊನೆಯ ಗಳಿಗೆಯಲ್ಲಿ ಕೈ ನನ್ನ ಮಾತು ಕೇಳದೆ ಕೊಂಬನ್ನು ಬೆಳ್ಳಿ ಬಳೆಯ ಹಾಗೆ ತಿರುಗಿಸಿಬಿಟ್ಟಿತು. ಸ್ವಲ್ಪ ಕಂದಿದಂತೆ ಕಾಣಲಿ ಎಂದು ಮೇಲೆ ಒಂಚೂರು ಸ್ಪಿರಿಟ್ ಒತ್ತಿದೆ. ಕೋಟು ಮಡಿಸಿ ಹೊಸ ಚೀಲಕ್ಕೆ ಹಾಕಿದೆ. ಚೀಲದ ಮೇಲೆ ಏನೂ ಬರೆಯಲಿಲ್ಲ.

ಆರಕ್ಕೆ ಸರಿಯಾಗಿ ಹುಡುಗಿ ಬಂದಳು. ಸಣ್ಣ ಮೈಯ, ಮೆಲುಮಾತಿನ ಹುಡುಗಿ. ಹೆಂಡತಿ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದು, ನನ್ನನ್ನೊಮ್ಮೆ ನೋಡಿ, ಗೋಡೆಗೊರಗಿ ನಿಂತಳು. ಹೇಳಿ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ನಾನು ಹೇಳುವ ಬದಲು ಚೀಲ ಕೊಟ್ಟೆ.

ಹುಡುಗಿ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಳು. ಭುಜ ಅಳೆದಂತೆ ಕೂತಿತ್ತು. ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತ್ತು. ಎರಡು ಕೈಗಳನ್ನೂ ಜೇಬಿಗಿಳಿಸಿ, ಯಾರದೋ ನಿಲುವನ್ನು ನೆನಪಿಸಿಕೊಂಡಂತೆ, ಸ್ವಲ್ಪ ಒಂದು ಕಡೆಗೆ ವಾಲಿ ನಿಂತಳು. ಆಮೇಲೆ ಕೋಟು ತೆಗೆದು, ಕಾಲರ್ ಮಗುಚಿದಳು.

ನಾನು ಕಿಟಕಿಯಾಚೆ ಬೀದಿಯನ್ನು ನೋಡತೊಡಗಿದೆ. ಅಮ್ಮ ಇಷ್ಟು ವರ್ಷ ಏಕೆ ಬೀದಿ ನೋಡುತ್ತಾರೆಂದು ಆಗ ಅರ್ಥವಾಯಿತು.

"ಆಂಟಿ," ಎಂದಳು ಹುಡುಗಿ. "ಇದು ಅಪ್ಪಂದಲ್ಲ."

ಹೆಂಡತಿ ಗೋಡೆ ಬಿಟ್ಟು ಮುಂದೆ ಬಂದು ನೋಡಿದಳು. ನೋಡಿ, ನನ್ನತ್ತ ತಿರುಗಿದಳು. ಆ ನೋಟವನ್ನು ಇಲ್ಲಿ ವರ್ಣಿಸಲು ಹೋಗುವುದಿಲ್ಲ. ವರ್ಣಿಸಿದರೆ ನನಗೇ ಮತ್ತೆ ಬಡಿಯುತ್ತದೆ.

"ಅಪ್ಪನ ಅಕ್ಷರ ಇಷ್ಟು ಚೆನ್ನಾಗಿರಲಿಲ್ಲ," ಎಂದಳು ಹುಡುಗಿ. "ಇದ್ರಲ್ಲಿ ಒತ್ತು ಬೇರೆ ಇದೆ. ಅಪ್ಪ ಒತ್ತು ಬಿಟ್ಟಿದ್ರು. 'ನನದು' ಅಂತ ಬರ್ದಿದ್ರು. ನಾನು ಶಾಲೆಯಲ್ಲೂ ಹಾಗೇ ಬರೆದು, ಟೀಚರ್ ತಪ್ಪು ಅಂದ್ರೆ, ಇಲ್ಲ ಮಿಸ್, ನಮ್ಮಪ್ಪನ ಕೋಟಲ್ಲಿ ಹಾಗೇ ಇದೆ ಅಂತ ಜಗಳ ಆಡಿದ್ದೆ."

ಇಷ್ಟಾದ ಮೇಲೆ ಹೇಳದೆ ಬೇರೆ ದಾರಿಯಿರಲಿಲ್ಲ. ಹೇಳಿದೆ. ಚೀಲ, ಪೆನ್ನು, ಎಂಟು ಕೋಣೆ, ಕಾಣದ ಜಾಗ, ಎಲ್ಲ. ನಾಲ್ಕೂವರೆಗೆ ಹೆಂಡತಿಗೆ ಹೇಳುವಾಗ ಇದೇ ಕಥೆಗೆ ಅರ್ಧ ಗಂಟೆ ಹಿಡಿದಿತ್ತು. ಈಗ ಎರಡು ನಿಮಿಷದಲ್ಲಿ ಮುಗಿಯಿತು. ಅದರಲ್ಲಿ ಸೇನಾಪತಿ, ಬಾವುಟ ಯಾವುದೂ ಇರಲಿಲ್ಲ. "ತಪ್ಪಾಯ್ತಮ್ಮ. ನಿಮ್ಮಪ್ಪನ ಅಕ್ಷರ ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬರೆದದ್ದು ಅದಕ್ಕಿಂತ ದೊಡ್ಡ ತಪ್ಪು," ಎಂದು ನಿಲ್ಲಿಸಿದೆ.

ಹುಡುಗಿ ಕಾಲರಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು. ಕಣ್ಣು ತುಂಬಿತ್ತು. ಹೆಂಡತಿ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಏನಂತೆ?" ಎಂದು ಅಮ್ಮ ಎಚ್ಚರಗೊಂಡರು. "ಒತ್ತು ಹಾಕಿದಾನಂತಾ? ಚಿಕ್ಕಂದಿನಿಂದ ಹಾಗೇ ಮಗೂ ಅವನು. ಬೇಡದ ಕಡೆಯೆಲ್ಲ ಒತ್ತು. ಇವತ್ತು ಮಧ್ಯಾಹ್ನದಿಂದ ಒತ್ತಿದ್ದೇ ಒತ್ತಿದ್ದು."

ಹುಡುಗಿಗೆ ಅಳುವಿನ ಮಧ್ಯೆಯೇ ನಗು ಬಂದುಬಿಟ್ಟಿತು. ತಡೆಯಲು ನೋಡಿದಳು, ಆಗಲಿಲ್ಲ. ಮೂಗು ಒರೆಸಿಕೊಂಡಳು. ಆ ನಗುವಿನಿಂದ ನನಗೆ ಕ್ಷಮೆ ಸಿಕ್ಕಿತೆಂದು ನಾನು ಹೇಳಿಕೊಳ್ಳುವುದಿಲ್ಲ. ಸಿಕ್ಕಿರಲಿಲ್ಲ. ಆದರೆ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿತು.

ಅವಳು ಕೋಟನ್ನು ಮೇಜಿನ ಮೇಲೆ ಹರಡಿ, ಕಾಲರನ್ನು ನನ್ನ ಕಡೆಗೆ ತಿರುಗಿಸಿದಳು. ನನ್ನ ಜೇಬಿನ ಪೆನ್ನಿಗೆ ಕೈ ಚಾಚಿದಳು. ಕೊಟ್ಟೆ.

"ನಾನೇ ಬರ್ಕೋತೀನಿ ಅಂಕಲ್. ಅಪ್ಪ ಬರೆದ ಹಾಗೆ, ಒತ್ತಿಲ್ಲದೆ. ನಾಳೆಯಿಂದ ನನದೇ ತಾನೇ." ನಂತರ ನನ್ನ ದುಂಡಗಿನ ಅಕ್ಷರಗಳತ್ತ ಬೆರಳು ತೋರಿಸಿ ಕೇಳಿದಳು, "ಆದ್ರೆ ಇದು ಹೋಗುತ್ತಾ?"

"ಹೋಗುತ್ತಮ್ಮ," ಎಂದೆ. "ಹತ್ತು ನಿಮಿಷ."